ರಾಯಚೂರು ಬಿಸಿಲು, ಒಂದೇ ಟೆರೇಸ್: ಸುಣ್ಣವೋ, ಗ್ರೀನ್ ನೆಟ್ಟೋ, ಅತ್ತೆಯ ಸಂಡಿಗೆಯೋ?

ರಾಯಚೂರು ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು. ಮಾವ ಕಟ್ಟಿಸಿದ ಸ್ವಂತ ಮನೆ, ಮೇಲೆ ಬೇರೆ ಮಹಡಿ ಇಲ್ಲ, ನೇರ ಆರ್‌ಸಿಸಿ ಚಾವಣಿ. ಟೆರೇಸ್ ಅಂದಾಜು ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಏಪ್ರಿಲ್ ಬಂತು ಅಂದರೆ ಮಧ್ಯಾಹ್ನದ ಮಾತು ಬಿಡಿ, ರಾತ್ರಿ ಹನ್ನೊಂದಕ್ಕೂ ಚಾವಣಿಯಿಂದ ಕಾವು ಇಳಿಯುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಗಾಳಿಯನ್ನೇ ತಂದು ಮುಖಕ್ಕೆ ಬಡಿಯುತ್ತದೆ.

ಮಗಳಿಗೆ ಏಳು, ಮಗನಿಗೆ ನಾಲ್ಕು. ಏಪ್ರಿಲ್ ಎರಡನೇ ವಾರ ರಜೆ ಕೊಟ್ಟರೆ ಶಾಲೆ ಬಾಗಿಲು ತೆಗೆಯುವುದು ಮೇ ಕೊನೆಗೇ. ಅಲ್ಲಿಯವರೆಗೆ ಇಬ್ಬರೂ ಮನೆಯೊಳಗೆ, ಒಬ್ಬರ ಕೂದಲು ಒಬ್ಬರ ಕೈಯಲ್ಲಿ. ನಮ್ಮ ಮನೆಯವರದು ಸರ್ಕಾರಿ ಕಚೇರಿ. ಬೇಸಿಗೆಯಲ್ಲಿ ನಮ್ಮ ಕಡೆ ಕಚೇರಿ ಸಮಯ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ ಅಲ್ವಾ, ಹಾಗಾಗಿ ಎರಡಕ್ಕೆಲ್ಲ ಮನೆಗೆ ಬರುತ್ತಾರೆ, ಊಟ ಮಾಡಿ ಮಲಗಿ ನಾಲ್ಕಕ್ಕೆ ಏಳುತ್ತಾರೆ. ಆಮೇಲೆ ಸುಮ್ನೆ ಕೂರುವ ಜಾತಿಯಲ್ಲ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಈಗ ಮೂರು ಯೋಜನೆ ಹಾಕಿಕೊಂಡಿದ್ದಾರೆ. ಜಿಐ ಪೈಪ್ ನಿಲ್ಲಿಸಿ ಇಡೀ ಟೆರೇಸಿಗೆ ಗ್ರೀನ್ ನೆಟ್ ಕಟ್ಟುವುದು ಒಂದು. ಅದರ ಕೆಳಗೆ ಮಕ್ಕಳಿಗೆ ಜೋಕಾಲಿ, ಆಟದ ಜಾಗ ಮಾಡುವುದು ಇನ್ನೊಂದು. ಡ್ರಮ್ಮು, ಎಕ್ಸಾಸ್ಟ್ ಫ್ಯಾನು ಸೇರಿಸಿ ಮನೆಯಲ್ಲೇ ಕೂಲರ್ ತಯಾರಿಸುವುದು ಮೂರನೆಯದು.

ಇದಕ್ಕೆ ಅತ್ತೆಯ ತಕರಾರು ಇದೆ. ನೆಟ್ ಕಟ್ಟಿದರೆ ನನ್ನ ಸಂಡಿಗೆ ಎಲ್ಲಿ ಒಣಗಬೇಕು, ನಿಮ್ಮ ತಲೆ ಮೇಲಾ ಅಂತ ಕೇಳುತ್ತಿದ್ದಾರೆ. ಮಾವ ಮಾತ್ರ ಒಂದೇ ಮಾತು, ಚಾವಣಿಗೆ ಸುಣ್ಣ ಬಳಿಯಿರಿ ಸಾಕು ಅಂತ. ಇವರಿಗೆ ಅದು ತೀರಾ ಹಳೇ ಕಾಲದ್ದು ಅನ್ನಿಸುತ್ತದೆ. ಖರ್ಚು ಐದು ಸಾವಿರ ದಾಟಬಾರದು, ಅದು ನನ್ನ ಷರತ್ತು. ಸುಣ್ಣ ನಿಜಕ್ಕೂ ಕೆಲಸ ಮಾಡುತ್ತದಾ? ನಾವೇ ಬಳಿಯಬಹುದಾ? ಮಕ್ಕಳನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಅಂತ ಆಸೆ, ರಜೆಯಲ್ಲಿ ಅವರಿಗೂ ಏನಾದರೂ ಬೇಕಲ್ಲ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

---

ಸುಣ್ಣದ ಬ್ರಷ್:

ಅಕ್ಕಾ, ನಿಮ್ಮ ಮಾವ ಹೇಳಿದ್ದೇ ಸರಿ. ನಾನು ಲಿಂಗಸುಗೂರು ಕಡೆಯವನು, ಅಪ್ಪನ ಕಾಲದಿಂದ ಗಾರೆ ಕೆಲಸ. ಮೊದಲು ಸುಣ್ಣ ಬಳಿಯಿರಿ, ಉಳಿದದ್ದು ಆಮೇಲೆ ನೋಡೋಣ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಮ್ಮ ಮೇಲೆ ಕಕ್ಕುತ್ತದೆ. ಬಿಳಿ ಮೇಲ್ಮೈ ಆದರೆ ಹೆಚ್ಚು ಪಾಲು ಬಿಸಿಲನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ವ್ಯತ್ಯಾಸ ಬೇಕಿದ್ದರೆ ಅಂಗೈ ಅಗಲ ಜಾಗಕ್ಕೆ ಬಳಿದು, ಒಣಗಿದ ಮೇಲೆ ಮಧ್ಯಾಹ್ನ ಎರಡೂ ಕಡೆ ಕೈ ಇಟ್ಟು ನೋಡಿ. ನಿಮ್ಮ ಮನೆಯವರಿಗೆ ವಿಡಿಯೋ ಬೇಡ, ಅಷ್ಟು ಸಾಕು.

ಹದ ಹೇಳುತ್ತೇನೆ. ಒಂದು ಕೆಜಿ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಕಲಸಿ ಒಂದು ಇಡೀ ದಿನ ಬಿಡಬೇಕು. ಆಮೇಲೆ ಒರಟು ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಹರಳು ಉಳಿದು ಒಣಗಿದ ಮೇಲೆ ಉದುರುತ್ತದೆ. ಸೋಸಿದ ಸುಣ್ಣ ಹತ್ತು ಲೀಟರಿಗೆ ನಲವತ್ತು ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ, ಅಂಗಡಿಯಲ್ಲಿ ಸುಣ್ಣದ ಅಂಟು ಅಂದರೆ ಕೊಡುತ್ತಾರೆ. ಈಗ ತುಂಬಾ ಜನ ಅದರ ಬದಲು ಫೆವಿಕಾಲ್ ಹಾಕುತ್ತಾರೆ, ಅದೂ ನಡೆಯುತ್ತದೆ. ನಿಮ್ಮ ಆರುನೂರು ಚದರಡಿಗೆ ಎರಡು ಕೋಟ್ ಬಳಿಯಲು ಇಪ್ಪತ್ತರಿಂದ ಇಪ್ಪತ್ತೈದು ಕೆಜಿ ಸುಣ್ಣ ತನ್ನಿ. ನೆಲ ಒರಟಾಗಿದ್ದರೆ ಇನ್ನೂ ಸ್ವಲ್ಪ ಹೀರುತ್ತದೆ. ಗೋಡೆಗೆ ಬಳಿಯುವಾಗ ನೀಲಿ ಹಾಕುತ್ತೇವಲ್ಲ, ಚಾವಣಿಗೆ ಅದು ಬೇಡ.

ಇನ್ನು ಸಮಯ. ಇಲ್ಲೇ ಜನ ಎಡವುವುದು. ಬೆಳಗ್ಗೆ ಹತ್ತಕ್ಕೆ ಶುರು ಮಾಡುತ್ತಾರೆ. ಕಾದ ನೆಲ ನೀರನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಳ್ಳುತ್ತದೆ, ಸುಣ್ಣ ಹಿಟ್ಟಾಗಿ ಮೇಲೆಯೇ ಉಳಿಯುತ್ತದೆ, ಕಾಲಿಟ್ಟರೆ ಕಾಲಿಗೆ ಬರುತ್ತದೆ. ಸುಣ್ಣ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡು ಮತ್ತೆ ಕಲ್ಲಾಗಬೇಕು. ಅದಕ್ಕೆ ತೇವವೂ ಬೇಕು, ಪುರುಸೊತ್ತೂ ಬೇಕು. ಹಾಗಾಗಿ ಸಂಜೆ ಐದರ ಮೇಲೆ, ಟೆರೇಸ್ ಗುಡಿಸಿ, ಪಾಚಿ ಇದ್ದರೆ ಉಜ್ಜಿ, ನೀರು ಚಿಮುಕಿಸಿ ನೆಲ ತಣಿದ ಮೇಲೆ ಬಳಿಯಿರಿ. ರಾತ್ರಿಯೆಲ್ಲ ನಿಧಾನಕ್ಕೆ ಹಿಡಿಯುತ್ತದೆ. ಮರುದಿನ ಸಂಜೆ ಎರಡನೇ ಕೋಟ್. ನಿಮ್ಮ ಮನೆಯವರ ಟೈಮಿಗೆ ಸರಿಯಾಗಿ ಹೊಂದುತ್ತದೆ ನೋಡಿ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸುಣ್ಣ ಕಲಸುವಾಗ, ಬಳಿಯುವಾಗ ಮಕ್ಕಳು ಮೇಲೆ ಬರಬಾರದು. ಸುಟ್ಟ ಸುಣ್ಣದ ಕಲ್ಲಿಗೆ ನೀರು ತಾಕಿದರೆ ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗುವಷ್ಟು. ನೀವು ಕಲ್ಲು ತರಲೇಬೇಡಿ, ಚೀಲದಲ್ಲಿ ಬರುವ ಅರಳಿದ ಸುಣ್ಣದ ಪುಡಿ ತನ್ನಿ. ಪುಡಿಯೂ ಕಣ್ಣಿಗೆ ಬಿದ್ದರೆ ಸುಡುತ್ತದೆ. ಕನ್ನಡಕ, ಕೈಗವಸು, ಮೂಗಿಗೆ ಬಟ್ಟೆ ಇರಲಿ. ಅಕಸ್ಮಾತ್ ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆಗಿಂತ ಕಡಿಮೆ ಇಲ್ಲದಂತೆ ತೊಳೆದು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಮಕ್ಕಳು ನಾವೂ ಬಳಿಯುತ್ತೇವೆ ಅಂತ ಹಟ ಮಾಡಿದರೆ ಒಂದು ಹಳೇ ಬ್ರಷ್ಷು, ಒಂದು ಚೊಂಬು ಬರೀ ನೀರು ಕೊಟ್ಟು ಅಂಗಳದ ಗೋಡೆಗೆ ಬಳಿಯಲು ಬಿಡಿ. ಗೋಡೆ ಕಪ್ಪಾಗುತ್ತದೆ, ಬಿಸಿಲಿಗೆ ಮತ್ತೆ ಬಿಳಿಯಾಗುತ್ತದೆ, ಮತ್ತೆ ಬಳಿಯುತ್ತಾರೆ. ನಾಲ್ಕು ವರ್ಷದವರಿಗೆ ಆ ಕೆಲಸ ಮುಗಿಯುವುದೇ ಇಲ್ಲ.

---

ಬಾಗಲಕೋಟೆ ಮೇಷ್ಟ್ರು:

ಸುಣ್ಣ ಹಳೇ ಕಾಲದ್ದು ಅನ್ನುವ ನಿಮ್ಮ ಯಜಮಾನರಿಗೆ ಎರಡು ವಿಷಯ ಹೇಳಿ. ಅಹಮದಾಬಾದಿನವರು 2010ರ ಬಿಸಿಗಾಳಿ ಕಂಡ ಮೇಲೆ 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿಕೊಂಡರು, ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸವೂ ಅದರಲ್ಲಿ ಸೇರಿತು. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ಅಂತಲೇ ಹೊರಡಿಸಿದೆ. ಅಂದರೆ ಅಜ್ಜಂದಿರ ಸುಣ್ಣಕ್ಕೆ ಈಗ ಇಂಗ್ಲಿಷ್ ಹೆಸರು ಬಂದಿದೆ ಅಷ್ಟೇ.

ಈಗ ನೆಟ್ ವಿಷಯ. ನನ್ನ ಪ್ರಕಾರ ಇಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿಕೊಂಡಿಲ್ಲ. ನೆರಳು ಯಾರಿಗೆ ಬೇಕು, ಎಷ್ಟು ಗಂಟೆಗೆ ಬೇಕು?

ರಾಯಚೂರಿನಲ್ಲಿ ಮೇ ಮೊದಲ ವಾರ, ಹೆಚ್ಚುಕಡಿಮೆ ಐದನೇ ತಾರೀಕಿಗೆ, ಮಧ್ಯಾಹ್ನ ಹನ್ನೆರಡೂ ಕಾಲರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಆ ಹೊತ್ತಿಗೆ ನೆಟ್ ಕಟ್ಟಿದ್ದರೆ ನೆರಳು ಅದರ ಸರಿ ಕೆಳಗೇ ಬೀಳುತ್ತದೆ. ಆದರೆ ಆಗ ನಿಮ್ಮ ಮಕ್ಕಳು ಮೇಲೆ ಇರುವುದಿಲ್ಲ, ಇರಲೂ ಬಾರದು. ಹನ್ನೊಂದರಿಂದ ನಾಲ್ಕೂವರೆಯವರೆಗೆ ಟೆರೇಸ್ ಬಾಗಿಲಿಗೆ ಚಿಲಕ. ಅಂದರೆ ತಲೆ ಮೇಲಿನ ನೆಟ್ ಮಕ್ಕಳಿಗಲ್ಲ, ಚಾವಣಿಗೆ. ಆ ಕೆಲಸ ಸುಣ್ಣ ಮಾಡುತ್ತದೆ.

ಮಕ್ಕಳು ಮೇಲೆ ಹತ್ತುವುದು ಸಂಜೆ ಐದರ ಮೇಲೆ. ಆಗ ಸೂರ್ಯ ಪಶ್ಚಿಮದಲ್ಲಿ ಕೆಳಗೆ ಇಳಿದಿರುತ್ತಾನೆ, ಬಿಸಿಲು ಓರೆಯಾಗಿ ನೆಟ್ಟಿನ ಅಡಿಯಿಂದಲೇ ಒಳಗೆ ಬರುತ್ತದೆ. ಎಂಟಡಿ ಎತ್ತರದಲ್ಲಿ ಸಾವಿರಾರು ರೂಪಾಯಿ ಪೈಪ್ ನಿಲ್ಲಿಸಿ ಕಟ್ಟಿದ ನೆಟ್ಟಿನ ನೆರಳು ಆ ಹೊತ್ತಿಗೆ ಪೂರ್ವದ ಪಕ್ಕದ ಮನೆಯವರ ಟೆರೇಸ್ ಕಡೆ ಜಾರಿರುತ್ತದೆ! ನಿಮಗೆ ಬೇಕಿರುವುದು ಪಶ್ಚಿಮದ ಬದಿಗೆ ಪರದೆ ಥರ ಇಳಿಬಿಟ್ಟ ನೆಟ್. ಎರಡು ಕಂಬ, ನಡುವೆ ಒಂದು ತಂತಿ, ಹತ್ತು ಹನ್ನೆರಡು ಅಡಿ ನೆಟ್. ಅದರ ಹಿಂದೆ ಮಕ್ಕಳು ಆಡಲಿ. ಅಂಗಡಿಯಲ್ಲಿ ಐವತ್ತು, ಎಪ್ಪತ್ತೈದು, ತೊಂಬತ್ತು ಪರ್ಸೆಂಟ್ ಅಂತ ಸಿಗುತ್ತದೆ, ಅಷ್ಟು ಪಾಲು ಬಿಸಿಲು ತಡೆಯುತ್ತದೆ ಅಂತ ಅರ್ಥ. ಎಪ್ಪತ್ತೈದರದ್ದು ಸಾಕು. ತೊಂಬತ್ತರದ್ದು ಗಾಳಿಯನ್ನೂ ತಡೆಯುತ್ತದೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಆಕಾಶ ಪೂರ್ತಿ ಖಾಲಿ ಉಳಿಯುತ್ತದೆ, ನಿಮ್ಮ ಅತ್ತೆಯವರ ಸಂಡಿಗೆಗೆ.

ಹಾಗೇ ಮಗಳಿಗೆ ಒಂದು ಕೆಲಸ ಕೊಡಿ. ಟೆರೇಸಿನ ಮೂಲೆಯಲ್ಲಿ ಮರಳು ತುಂಬಿದ ಡಬ್ಬಿಯಲ್ಲಿ ಒಂದು ನೆಟ್ಟನೆ ಕೋಲು ನಿಲ್ಲಿಸಿ. ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ನೆಟ್ ಎಲ್ಲಿ ಕಟ್ಟಬೇಕು ಅಂತ ಅವಳೇ ಅಪ್ಪನಿಗೆ ತೋರಿಸುತ್ತಾಳೆ. ಮೇ ಐದರ ಆಸುಪಾಸಿನಲ್ಲಿ ಮಾತ್ರ ಚಪ್ಪಲಿ ಟೋಪಿ ಹಾಕಿಸಿ ನಡು ಮಧ್ಯಾಹ್ನ ಎರಡೇ ನಿಮಿಷ ಮೇಲೆ ಕರೆದುಕೊಂಡು ಹೋಗಿ, ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರು, ಮಂಗಳೂರಿನವರಿಗೆ ಇದು ಏಪ್ರಿಲ್ 24ರ ಹೊತ್ತಿಗೇ ಆಗಿಬಿಡುತ್ತದೆ, ಕಲಬುರಗಿಯವರು ಮೇ ಹತ್ತರವರೆಗೆ ಕಾಯಬೇಕು.

---

ಕಡಲೂರ ಅಮ್ಮ:

ನಾನು ಮಂಗಳೂರಿನವಳು, ನಿಮ್ಮ ಬಿಸಿಲಿನ ಬಗ್ಗೆ ಮಾತನಾಡುವ ಹಕ್ಕಿಲ್ಲ. ಆದರೆ ಮನೆಯಲ್ಲಿ ಎರಡು ಮಕ್ಕಳಿದ್ದಾರೆ, ಹಾಗಾಗಿ ಬರೆಯುತ್ತೇನೆ.

ಕೂಲರ್ ಒಣ ಹವೆಯ ಊರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮಲ್ಲಿ ಹಾಕಿದರೆ ಮನೆ ಇನ್ನಷ್ಟು ಪಿಸಿಪಿಸಿ ಆಗುತ್ತದೆ ಅಷ್ಟೇ. ನಿಮಗೆ ಸರಿಹೊಂದುತ್ತದೆ. ಆದರೆ ನೀರು, ಕರೆಂಟು, ತಗಡಿನ ಡ್ರಮ್ಮು, ನಾಲ್ಕು ವರ್ಷದ ಮಗು ಇವೆಲ್ಲ ಒಂದೇ ಕೋಣೆಯಲ್ಲಿ ಮನೆಯಲ್ಲೇ ಜೋಡಿಸಿದ ವೈರಿಂಗ್ ಜೊತೆಗೆ ಬೇಡ ಅಣ್ಣಾ, ದಯವಿಟ್ಟು. ಅದರ ಬದಲು ಲಾವಂಚದ ತಟ್ಟಿ ತಂದು ಕಿಟಕಿಗೆ ಹೊರಗಿನಿಂದ ಕಟ್ಟಿ ನೀರು ಚಿಮುಕಿಸಿ, ಎದುರುಗಡೆ ಕಿಟಕಿ ತೆರೆದಿಡಿ. ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೂಲರೂ ತಂಪು ಮಾಡುವುದಿಲ್ಲ, ತಟ್ಟಿಯೂ ಮಾಡುವುದಿಲ್ಲ. ಅಂಗಡಿ ಕೂಲರ್ ತಂದರೂ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಳಗಿನ ಗೋಡೆ ಉಜ್ಜಿ. ಡೆಂಗ್ಯೂ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.

ಜೋಕಾಲಿ. ಫ್ಯಾನಿನ ಕೊಕ್ಕೆಗೆ ಕಟ್ಟಬೇಡಿ. ಅದು ಸುಮ್ಮನೆ ತೂಗುವ ಫ್ಯಾನಿನ ಭಾರಕ್ಕೆ ಇಟ್ಟದ್ದು, ಜೀಕುವ ಮಕ್ಕಳ ಎಳೆತಕ್ಕಲ್ಲ. ಟೆರೇಸ್ ಮೇಲಂತೂ ಜೋಕಾಲಿಯೇ ಬೇಡ. ಸೀರೆ ಜೋಕಾಲಿ ಕಟ್ಟಿದರೆ ದೊಡ್ಡ ಮಕ್ಕಳು ಅದರಲ್ಲಿ ಗಿರಗಿರ ಸುತ್ತಿಕೊಂಡು ಬಿಚ್ಚುವ ಆಟ ಆಡುತ್ತಾರೆ, ಕುತ್ತಿಗೆಗೆ ಬಿಗಿದುಕೊಂಡ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನಿಮ್ಮ ಕಡೆ ನಾಗರ ಪಂಚಮಿಗೆ ಬೇವಿನ ಮರಕ್ಕೆ ಹಗ್ಗದ ಜೋಕಾಲಿ ಹಾಕುತ್ತಾರಲ್ಲ, ಹಾಗೆ ಮರ ಇದ್ದರೆ ಹಲಗೆ ಹಾಕಿ ಕಟ್ಟಿ, ದೊಡ್ಡವರು ಮೊದಲು ಕೂತು ಜೀಕಿ ನೋಡಿ.

ಟೆರೇಸ್ ಮೇಲೆ ಪ್ಯಾರಾಪೆಟ್ ಹತ್ತಿರ ಸ್ಟೂಲು, ಇಟ್ಟಿಗೆ, ಕುಂಡ ಯಾವುದೂ ಇರಬಾರದು. ಮೂರೂವರೆ ಅಡಿ ಗೋಡೆ ಒಂದು ಬಕೆಟ್ ಬೋರಲು ಹಾಕಿದರೆ ಎರಡೂವರೆ ಅಡಿ ಆಗುತ್ತದೆ. ನೀರಿನ ಟಬ್ಬಿನಲ್ಲಿ ಆಡಿಸಿದರೆ ಆಟ ಮುಗಿದ ತಕ್ಷಣ ಚೆಲ್ಲಿ, ನಿಮ್ಮ ಊರಲ್ಲಿ ನೀರು ಚೆಲ್ಲಲು ಮನಸ್ಸು ಬಾರದಿದ್ದರೆ ಗಿಡಕ್ಕೆ ಹಾಕಿ, ಒಟ್ಟಿನಲ್ಲಿ ತುಂಬಿದ ಟಬ್ ಬಿಟ್ಟು ಕೆಳಗೆ ಇಳಿಯಬೇಡಿ.

ಮಧ್ಯಾಹ್ನ ಒಳಗೆ ಕಳೆಯಲು ಚೌಕಾಬಾರ ಕಲಿಸಿ. ಆಟಕ್ಕಿಂತ ತಯಾರಿಯೇ ಅರ್ಧ ದಿನ ತಿನ್ನುತ್ತದೆ, ನಮಗೆ ಬೇಕಿರುವುದೂ ಅದೇ. ನೆಲದ ಮೇಲೆ ಅಡ್ಡ ಐದು, ಉದ್ದ ಐದು ಮನೆ ಸೀಮೆಸುಣ್ಣದಲ್ಲಿ ಗೀಚಲಿ. ನಾಲ್ಕು ದೊಡ್ಡ ಹುಣಸೆ ಬೀಜ ಆರಿಸಿ, ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಬಿಳಿ ಕಾಣುವವರೆಗೆ ತೇಯಲಿ. ನಾಲ್ಕೂ ಬಿಳಿ ಮೇಲೆ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಸಣ್ಣವನು ಬೀಜ ಬಾಯಿಗೆ ಹಾಕದ ಹಾಗೆ ಒಬ್ಬರು ಕೂತಿರಿ. ಅಳಿಗುಳಿಮಣೆಗೆ ಅಂತ ಅಜ್ಜಿ ಮನೆಯ ಗುಲಗಂಜಿ ಮಾತ್ರ ತೆಗೆಯಬೇಡಿ. ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ, ಅಗಿದರೆ ಜೀವಕ್ಕೇ ಅಪಾಯ.

---

ರಾಯಚೂರು ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿಸಿದೆ. ಸುಮ್ಮನೆ ಎದ್ದು ಸಂಜೆ ಐದೂವರೆಗೆ ಮೇಲೆ ಹೋಗಿ ಛತ್ರಿ ಬಿಚ್ಚಿ ನಿಂತು ನೋಡಿ ಬಂದರು. ಏನೂ ಹೇಳಲಿಲ್ಲ, ಪೈಪಿನ ಅಂಗಡಿಗೆ ಫೋನ್ ಮಾಡಿ ಎರಡೇ ಪೈಪ್ ಸಾಕು ಅಂದರು. ಅಷ್ಟಕ್ಕೇ ಐದು ಸಾವಿರದೊಳಗೆ ಮುಗಿಯುವ ನಂಬಿಕೆ ಬಂತು. ಕೂಲರ್ ಯೋಜನೆ ಕೈಬಿಡಲು ಇನ್ನೂ ಒಪ್ಪಿಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಎರಡು ಅನುಮಾನ. ಸುಣ್ಣ ಬಳಿದ ಟೆರೇಸ್ ಮೇಲೆ ಸಂಡಿಗೆ ಹಾಕಿದರೆ ಸುಣ್ಣ ಅದಕ್ಕೆ ಹತ್ತುವುದಿಲ್ಲವಾ? ಮತ್ತೆ ನಮ್ಮಲ್ಲಿ ಏಪ್ರಿಲ್, ಮೇ ಸಂಜೆ ಅಡ್ಡಮಳೆಗೆ ಮೊದಲು ಬೀಸುತ್ತದಲ್ಲ ಆ ಗಾಳಿ, ಅದಕ್ಕೆ ನೆಟ್ ನಿಲ್ಲುತ್ತದಾ?

---

ಸಿಂಧನೂರು ದೊಡ್ಡಮ್ಮ:

ಸಂಡಿಗೆ ವಿಷಯ ನನಗೆ ಬಿಡಮ್ಮಾ. ಸುಣ್ಣ ಪೂರ್ತಿ ಹಿಡಿದು ಕೈಗೆ ಹತ್ತದ ಹಾಗೆ ಆಗಬೇಕು, ಅದಕ್ಕೆ ಎರಡನೇ ಕೋಟ್ ಆದ ಮೇಲೆ ಒಂದು ವಾರ ಬಿಡು. ಆಮೇಲೂ ನೆಲಕ್ಕೆ ನೇರವಾಗಿ ಬಟ್ಟೆ ಹಾಸಬೇಡ. ಕೆಳಗೆ ಚಾಪೆ, ಅದರ ಮೇಲೆ ಹಳೇ ಹತ್ತಿ ಪಂಚೆ ಅಥವಾ ಸೀರೆ ಒದ್ದೆ ಮಾಡಿ ಹಾಸು. ಇಲ್ಲ ಅಂದರೆ ಮಂಚ ಮೇಲೆ ಏರಿಸು, ಮಕ್ಕಳ ಕಾಲಿಗೂ ಸಿಗುವುದಿಲ್ಲ.

ಅಕ್ಕಿ ಹಿಟ್ಟಿನ ಗಂಜಿ ಬೆಳಗ್ಗೆ ಐದಕ್ಕೇ ಕುದಿಸಿ ಇಳಿಸಿಬಿಡಬೇಕು, ಜೀರಿಗೆ, ಉಪ್ಪು, ಅರೆದ ಹಸಿಮೆಣಸಿನಕಾಯಿ ಹಾಕಿ. ಉಪ್ಪು ಸ್ವಲ್ಪ ಕಮ್ಮಿಯೇ ಇರಲಿ, ಒಣಗಿದ ಮೇಲೆ ಎದ್ದು ಕಾಣುತ್ತದೆ. ಆರಿ ಉಗುರುಬೆಚ್ಚಗೆ ಆದಾಗ ಮಕ್ಕಳ ಕೈಗೆ ಒಂದೊಂದು ಚಮಚ ಕೊಡು. ಗುಂಡಗೆ ಬರುವುದಿಲ್ಲ, ಒಂದು ಆನೆ ಆಗುತ್ತದೆ, ಒಂದು ಭಾರತದ ನಕ್ಷೆ ಆಗುತ್ತದೆ, ಆಗಲಿ ಬಿಡು. ಎಂಟಕ್ಕೆ ಮೊದಲು ಎಲ್ಲರೂ ಕೆಳಗೆ. ಸಂಜೆ ಬಟ್ಟೆ ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನೇ ಬಿಡುತ್ತದೆ, ಬಿಡಿಸುವ ಕೆಲಸಕ್ಕೆ ನಾಲ್ಕು ವರ್ಷದ ಬೆರಳೇ ವಾಸಿ. ಮರುದಿನ ಇನ್ನೊಂದು ಬಿಸಿಲು ತೋರಿಸು. ಅರ್ಧ ಒಣಗಿದ್ದನ್ನು ಕದ್ದು ತಿನ್ನುತ್ತಾರೆ, ಅದನ್ನೂ ಲೆಕ್ಕ ಹಿಡಿದು ಅರ್ಧ ಕೆಜಿ ಹಿಟ್ಟು ಜಾಸ್ತಿ ಹಾಕಿಕೊಳ್ಳಲು ನಿನ್ನ ಅತ್ತೆಗೆ ಹೇಳು.

---

ಸುಣ್ಣದ ಬ್ರಷ್:

ಅಕ್ಕಾ, ಗಾಳಿಗೆ ನೆಟ್ ನಿಲ್ಲಿಸಲು ಹೋಗಬೇಡಿ, ಗಾಳಿ ಬಂದಾಗ ಬಿಚ್ಚುವ ಹಾಗೆ ಕಟ್ಟಿ. ಮೇಲೆ ತಂತಿಗೆ ಪರದೆಯ ಹಾಗೆ ರಿಂಗ್ ಹಾಕಿ, ಒಂದು ಬದಿಗೆ ಸರಿಸಿ ಸುತ್ತಿ ಕಟ್ಟಲು ಬರಬೇಕು. ಕೆಳ ಅಂಚನ್ನು ಹಗ್ಗದಿಂದ ಬಿಗಿಯಬೇಡಿ, ಹಳೇ ಸೈಕಲ್ ಟ್ಯೂಬ್ ಬಳೆ ಬಳೆಯಾಗಿ ಕತ್ತರಿಸಿ ಅದರಲ್ಲಿ ಕೊಕ್ಕೆಗೆ ಸಿಕ್ಕಿಸಿ. ಸಣ್ಣ ಗಾಳಿಗೆ ಎಳೆದು ಬಿಡುತ್ತದೆ, ಹರಿಯುವುದಿಲ್ಲ. ಸಂಜೆ ಪಡುವಣ ಕಡೆ ಕಪ್ಪಾಯಿತು ಅಂದರೆ ಮೊದಲು ಮಕ್ಕಳು ಕೆಳಗೆ, ಆಮೇಲೆ ಸಂಡಿಗೆ, ಆಮೇಲೆ ನೆಟ್. ಗುಡುಗು ಸಿಡಿಲಿನಲ್ಲಿ ಕಬ್ಬಿಣದ ಪೈಪ್ ಹಿಡಿದುಕೊಂಡು ನಿಲ್ಲಬೇಡಿ, ಹರಿದರೆ ನೆಟ್ ಹರಿಯಲಿ.

ಪೈಪ್ ನಿಲ್ಲಿಸಲು ಚಾವಣಿಗೆ ತೂತು ಕೊರೆಯಲೇಬೇಡಿ, ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ. ಹಳೇ ಎಣ್ಣೆ ಡಬ್ಬಿಯಲ್ಲಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ, ಪ್ಯಾರಾಪೆಟ್ ಗೋಡೆಗೆ ಒತ್ತಿ ಇಟ್ಟು ಹೊರಗಿನಿಂದ ಕ್ಲಾಂಪ್ ಹಾಕಿ. ಡಬ್ಬಿ ಮೇಲೆ ಮಕ್ಕಳು ಹತ್ತದ ಹಾಗೆ ಮುಂದೆ ನೆಟ್ಟೇ ಅಡ್ಡ ಬರಲಿ, ಮೇಲಿನ ಅಮ್ಮ ಹೇಳಿದ್ದು ನೆನಪಿರಲಿ.

---

ಹೊಸಪೇಟೆ ಅಪ್ಪ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಟೆರೇಸಿನ ಮಳೆನೀರು ನೇರ ಸಂಪಿಗೆ ಬರುತ್ತದೆ. ಸುಣ್ಣ ಬಳಿದರೆ ಆ ನೀರು ಏನಾಗುತ್ತದೆ?

---

ಸುಣ್ಣದ ಬ್ರಷ್:

ಸಂಪಿಗೆ ಹೋಗುವ ಪೈಪನ್ನು ಮೊದಲ ಒಂದೆರಡು ದೊಡ್ಡ ಮಳೆಗೆ ಹೊರಗೆ ತಿರುಗಿಸಿ ಅಣ್ಣಾ. ಸುಣ್ಣ ಇಲ್ಲದಿದ್ದರೂ ವರ್ಷದ ಮೊದಲ ಮಳೆ ಸಂಪಿಗೆ ಬಿಡಬಾರದು, ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ನೀರು ತಿಳಿಯಾಗಿ ಬರಲು ಶುರುವಾದ ಮೇಲೆ ಒಳಗೆ ಬಿಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಸುಣ್ಣ ಅರ್ಧಂಬರ್ಧ ತೊಳೆದು ಹೋಗಿರುತ್ತದೆ, ಮುಂದಿನ ಮಾರ್ಚ್‌ನಲ್ಲಿ ಮತ್ತೆ ಬಳಿಯಬೇಕು. ಬಳಿಯುವ ಮುಂಚೆ ಬಿರುಕು ಇದ್ದರೆ ಈಗಲೇ ಸಿಮೆಂಟ್ ತುಂಬಿ ಮುಚ್ಚಿಬಿಡಿ, ಬಿಳಿ ಬಳಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ.